ಮೂತ್ರ ಅಥವಾ ರಕ್ತದ ಟೆಸ್ಟಿನಲ್ಲೇ ಗರ್ಭಕೋಶದ ಒಳಪದರದ ಕ್ಯಾನ್ಸರ್ ಗೊತ್ತಾಗುತ್ತಾ? ಹಿಸ್ಟರೊಸ್ಕೋಪಿ ತಪ್ಪಿಸಬಹುದಾ?

ನೀಲಾಂಬರಿ58
ಭಾನುವಾರ, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮಾರು ದಿನದಿಂದ ಓದ್ತಾ ಇದೀನಿ, ಬರೀತಿರೋದು ಮೊದಲ ಸಲ.

ನನಗೆ 58. ಮುಟ್ಟು ನಿಂತು ಆರು ವರ್ಷ ಆಯ್ತು. ಹೋದ ತಿಂಗಳು ಒಂದಿನ ಒಳಉಡುಪಿನ ಮೇಲೆ ಹೆಬ್ಬೆರಳ ಉಗುರಿನಷ್ಟು ಕಂದು ಕಲೆ ಕಾಣಿಸ್ತು. ಮಾರನೇ ದಿನ ಇಲ್ಲ. ಹತ್ತು ದಿನ ಬಿಟ್ಟು ಮತ್ತೆ, ಈ ಸಲ ಸ್ವಲ್ಪ ಕೆಂಪು. ಮಗಳು ಬಲವಂತ ಮಾಡಿ ಕರ್ಕೊಂಡು ಹೋದಳು. ಒಳಗಿನಿಂದ ಮಾಡುವ ಸ್ಕ್ಯಾನಿಂಗ್‌ನಲ್ಲಿ ಒಳಪದರ 7 ಮಿ.ಮೀ. ಅಂತ ಬಂತು. ಅಲ್ಲೇ ತೆಳು ನಳಿಕೆ ಹಾಕಿ ಬಯಾಪ್ಸಿಗೆ (ಪರೀಕ್ಷೆಗೆ ತುಣುಕು ತೆಗೆಯೋಕೆ) ಪ್ರಯತ್ನಪಟ್ಟರು. ಗರ್ಭಕೋಶದ ಬಾಯಿ ಬಿಗಿಯಾಗಿದೆ ಅಂದರು. ನೋವು ಹೇಳೋಕಾಗಲ್ಲ. ಅಷ್ಟು ಮಾಡಿದ ಮೇಲೆ ರಿಪೋರ್ಟ್ ಬಂದಿದ್ದು ‘ಪರೀಕ್ಷೆಗೆ ಸ್ಯಾಂಪಲ್ ಸಾಲದು’ ಅಂತ.

ಈಗ ಅರಿವಳಿಕೆ ಕೊಟ್ಟು ಹಿಸ್ಟರೊಸ್ಕೋಪಿ (ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಹಾಕಿ ನೋಡೋದು) ಮಾಡೋಣ ಅಂತಿದ್ದಾರೆ. ನನಗೆ ಮತ್ತೆ ಆ ಮೇಜಿನ ಮೇಲೆ ಮಲಗೋಕೆ ಮನಸ್ಸಿಲ್ಲ. ಮೂತ್ರದಲ್ಲೇ ಈ ಕ್ಯಾನ್ಸರ್ ಕಂಡುಹಿಡೀತಾರಂತೆ, ಶೇ 90ಕ್ಕಿಂತ ಜಾಸ್ತಿ ಸರಿಯಂತೆ ಅಂತ ಮಗಳು ಓದಿದ್ದಾಳೆ. ರಕ್ತದ ಸಿಎ-125 (ಕೆಲವು ಕ್ಯಾನ್ಸರಿನಲ್ಲಿ ಏರುವ ಪ್ರೋಟೀನು) ಮಾಡಿಸಿದೆ, 14 ಬಂದಿದೆ, ನಾರ್ಮಲ್. ಇಷ್ಟು ಸಾಕಲ್ವಾ? ಆರು ತಿಂಗಳು ಕಾದು ನೋಡಿದರೆ ಏನಾಗುತ್ತೆ?

ಬೆಳ್ಳಿಚುಕ್ಕಿ
ಭಾನುವಾರ, ರಾತ್ರಿ 11.05

ಅಕ್ಕ, ಸಿಎ-125 ನಾರ್ಮಲ್ ಇದ್ದರೆ ಯೋಚನೆ ಬೇಡ. ನಮ್ಮ ನಾದಿನಿಗೂ ಹೀಗೇ ಆಗಿತ್ತು, ಅದೂ ನಾರ್ಮಲ್ ಬಂತು, ಈಗ ಗುಂಡುಕಲ್ಲಿನ ಹಾಗೆ ಇದ್ದಾರೆ. ಸುಮ್ಮನೆ ಹೆದರಿಸ್ತಾರೆ.

ಪಿಪೆಟ್ಟು
ಭಾನುವಾರ, ರಾತ್ರಿ 11.50

ಬೆಳ್ಳಿಚುಕ್ಕಿ ಅವರೇ, ನಿಮ್ಮ ನಾದಿನಿ ಆರೋಗ್ಯವಾಗಿರೋದು ಸಂತೋಷ. ಆದರೆ ಆ ಸಲಹೆ ಅಪಾಯದ್ದು. ನಾನು ಲ್ಯಾಬಿನವನು, ಡಾಕ್ಟರ್ ಅಲ್ಲ. ಇಂಥ ಟ್ಯೂಬುಗಳ ಜೊತೆಗೇ ದಿನ ಕಳೀತೀನಿ, ಹಾಗಾಗಿ ಇದೊಂದನ್ನ ಧೈರ್ಯವಾಗಿ ಹೇಳಬಲ್ಲೆ.

ಸಿಎ-125 ಈ ಕ್ಯಾನ್ಸರಿಗೆ ಕಾವಲುಗಾರ ಅಲ್ಲ. ಗಡ್ಡೆ ಗರ್ಭಕೋಶದ ಒಳಗೇ ಇರುವಾಗ, ಅಂದರೆ ಗುಣಪಡಿಸೋಕೆ ಸುಲಭ ಇರುವ ಹೊತ್ತಿನಲ್ಲಿ, ಬಹಳ ಜನರಲ್ಲಿ ಅದು ನಾರ್ಮಲ್ಲಾಗೇ ಇರುತ್ತೆ. ಏರೋದು ಹೆಚ್ಚಾಗಿ ಕಾಯಿಲೆ ಗರ್ಭಕೋಶ ದಾಟಿದ ಮೇಲೆ. ಇನ್ನೊಂದು ಕಡೆ ಎಂಡೊಮೆಟ್ರಿಯೋಸಿಸ್, ಫೈಬ್ರಾಯ್ಡ್, ಲಿವರ್ ಕಾಯಿಲೆ, ಹೊಟ್ಟೆಯೊಳಗೆ ಎಲ್ಲಾದರೂ ಉರಿಯೂತ ಇದ್ದರೂ ಏರುತ್ತೆ. ಮುಟ್ಟಿನ ದಿನಗಳಲ್ಲೂ ಏರುತ್ತೆ. ಎಚ್‌ಇ4 ಅಂತ ಇನ್ನೊಂದು ಪ್ರೋಟೀನು ಇದೆ. ಈ ಕ್ಯಾನ್ಸರಿನ ಮಟ್ಟಿಗೆ ಅದು ಸಿಎ-125ಗಿಂತ ವಾಸಿ, ಗಡ್ಡೆ ಸ್ನಾಯುವಿನೊಳಗೆ ಎಷ್ಟು ಇಳಿದಿದೆ ಅನ್ನೋದರ ಸುಳಿವು ಸ್ವಲ್ಪ ಕೊಡುತ್ತೆ. ಆದರೆ ವಯಸ್ಸಾದಂತೆ ಅದೂ ಏರುತ್ತೆ, ಕಿಡ್ನಿ ಮಂದವಾದರೆ ಇನ್ನೂ ಏರುತ್ತೆ. ಒಬ್ಬ ವ್ಯಕ್ತಿಯ ಒಂದು ರಿಪೋರ್ಟ್ ಹಿಡಿದು ‘ಇದೆ’, ‘ಇಲ್ಲ’ ಅನ್ನೋಕೆ ಎರಡೂ ಸಾಲವು.

ನೀಲಾಂಬರಿ ಮೇಡಂ, 14 ಅನ್ನೋ ಅಂಕಿಯಿಂದ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಮೂತ್ರದ ಟೆಸ್ಟಿನ ಬಗ್ಗೆ ನಾಳೆ ಬರೀತೀನಿ, ಅದು ಒಂದು ಸಾಲಿನ ಕತೆ ಅಲ್ಲ.

ಓಪಿಡಿ ಮೇಜು
ಸೋಮವಾರ, ಬೆಳಿಗ್ಗೆ 6.30

ಸ್ತ್ರೀರೋಗದ ಡಾಕ್ಟರ್ ನಾನು. ಪರೀಕ್ಷೆ ಮಾಡದೆ ಇಲ್ಲಿ ಚಿಕಿತ್ಸೆ ಹೇಳಲ್ಲ. ಆದರೆ ಮೂರು ಮಾತು ಹೇಳಲೇಬೇಕು.

ನಿಮ್ಮ ಕೈಯಲ್ಲಿ ಈಗಾಗಲೇ ಒಂದು ಸೂಚಕ ಇದೆ, ಆ ಕಂದು ಕಲೆ. ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯೋದು ಬೇಡ. ಈ ಕ್ಯಾನ್ಸರ್ ಬಂದ ಮುಟ್ಟು ನಿಂತ ಹೆಂಗಸರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ರಕ್ತಸ್ರಾವವೇ ಮೊದಲು ಕಂಡಿರುತ್ತೆ. ತಿರುಗಿಸಿ ನೋಡಿದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡ ನೂರು ಜನರಲ್ಲಿ ಸುಮಾರು ಒಂಬತ್ತು ಜನರಿಗೆ ಮಾತ್ರ ಕ್ಯಾನ್ಸರ್ ಇರುತ್ತೆ. 2018ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದಾಗ ಬಂದ ಲೆಕ್ಕ ಇದು. ಉಳಿದವರದ್ದು ಪದರ ಒಣಗಿ ತೆಳುವಾಗಿರೋದು, ಪಾಲಿಪ್ ಅನ್ನೋ ಸಣ್ಣ ಬೆಳವಣಿಗೆ, ಹೀಗೆ. ಹಾಗಾಗಿ ಗಾಬರಿ ಬೇಡ, ಆದರೆ ಬಿಟ್ಟುಬಿಡುವ ಹಾಗೂ ಇಲ್ಲ.

ಎರಡನೇದು, ‘ಸ್ಯಾಂಪಲ್ ಸಾಲದು’ ಅಂದರೆ ‘ಕ್ಯಾನ್ಸರ್ ಇಲ್ಲ’ ಅಂತ ಅರ್ಥ ಅಲ್ಲ. ಪರೀಕ್ಷೆಯೇ ಆಗಿಲ್ಲ ಅಂತ ಅರ್ಥ. ಇದನ್ನ ನಾರ್ಮಲ್ ರಿಪೋರ್ಟ್ ಅಂತ ಫೈಲಿಗೆ ಸೇರಿಸಿ ಮನೆಗೆ ಹೋದವರನ್ನ ನೋಡಿದ್ದೀನಿ.

ಮೂರನೇದು, 7 ಮಿ.ಮೀ. ರಕ್ತ ಕಂಡವರಲ್ಲಿ 4 ಮಿ.ಮೀ. ದಾಟಿದರೆ (ಕೆಲವರು 5 ಅಂತಾರೆ) ಒಳಪದರದ ತುಣುಕು ನೋಡಲೇಬೇಕು. ಆರು ತಿಂಗಳು ಕಾಯೋದಕ್ಕೆ ನಾನು ಒಪ್ಪಲ್ಲ.

ನೋವಿನ ವಿಷಯ ಮಾತ್ರ ನಿಮ್ಮ ಮಾತು ಸರಿ. ಆ ನಳಿಕೆ 3 ಮಿ.ಮೀ. ದಪ್ಪದ್ದು, ನೋಡೋಕೆ ಏನೂ ಇಲ್ಲ ಅನಿಸುತ್ತೆ. ಬಾಯಿ ಬಿಗಿ ಇದ್ದವರಿಗೆ ಅದೇ ನರಕ. ಅರಿವಳಿಕೆಯಲ್ಲಿ ಮಾಡಿದರೆ ನಿಮಗೆ ಗೊತ್ತೇ ಆಗಲ್ಲ. ಹೋದ ಸಲ ಏನಾಯ್ತು ಅಂತ ಅರಿವಳಿಕೆ ಡಾಕ್ಟರಿಗೂ ಮೊದಲೇ ಹೇಳಿ.

ನೀಲಾಂಬರಿ58
ಸೋಮವಾರ, ಬೆಳಿಗ್ಗೆ 9.15

ಡಾಕ್ಟ್ರೇ, ‘ಪರೀಕ್ಷೆಯೇ ಆಗಿಲ್ಲ’ ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನು ಅದನ್ನ ಒಳ್ಳೇ ಸುದ್ದಿ ಅಂತಲೇ ಇಟ್ಟುಕೊಂಡಿದ್ದೆ. ಇವತ್ತು ಮಧ್ಯಾಹ್ನ ಫೋನ್ ಮಾಡಿ ದಿನ ಕೇಳ್ತೀನಿ. ಪಿಪೆಟ್ಟು ಅವರೇ, ಮೂತ್ರದ ವಿಷಯ ಆದರೂ ಬರೀರಿ, ಮಗಳು ಬಿಡ್ತಾ ಇಲ್ಲ.

ಪಿಪೆಟ್ಟು
ಸೋಮವಾರ, ರಾತ್ರಿ 9.30

ಬರೀತೀನಿ. ಉದ್ದ ಆಗುತ್ತೆ, ಚಹಾ ಪಕ್ಕಕ್ಕಿಟ್ಟುಕೊಳ್ಳಿ.

ಮೊದಲು ಒಂದು ಪ್ರಶ್ನೆ. ಗಡ್ಡೆ ತನ್ನ ಚೂರುಗಳನ್ನ ಎಲ್ಲಿ ಉದುರಿಸುತ್ತೆ? ಒಳಪದರ ಅಂದರೆ ಗರ್ಭಕೋಶದ ಒಳಗೋಡೆ. ಅಲ್ಲಿಂದ ಕಳಚಿದ ಜೀವಕೋಶ ಕೆಳಗೆ ಜಾರುತ್ತೆ, ಗರ್ಭಕೋಶದ ಬಾಯಿ ದಾಟಿ ಯೋನಿಗೆ ಬರುತ್ತೆ, ಅಲ್ಲಿಂದ ಆಚೆ. ಮುಟ್ಟಿನ ದಾರಿಯೇ ಇದು. ಹಾಗಾಗಿ ಸುಳಿವು ಹುಡುಕೋರಿಗೆ ಆ ದಾರಿಯುದ್ದಕ್ಕೂ ನಿಲ್ದಾಣಗಳಿವೆ: ಗರ್ಭಕೋಶದೊಳಗಿನ ದ್ರವ, ಬಾಯಿಯ ಹತ್ತಿರ ಪ್ಯಾಪ್ ಪರೀಕ್ಷೆಗೆ ಉಜ್ಜುವ ಬ್ರಷ್ಷಿನಲ್ಲಿ ಸಿಗೋದು, ಯೋನಿಯ ಸ್ರಾವ, ಕೊನೆಗೆ ಮೂತ್ರ. ಮೂತ್ರಕ್ಕೂ ಗರ್ಭಕೋಶಕ್ಕೂ ಒಳಗೆ ಕೊಳವೆ ಸಂಬಂಧ ಇಲ್ಲ. ಹೊರಗೆ ಹರಿಯುವಾಗ ಬಾಗಿಲಲ್ಲಿ ಬಿದ್ದಿದ್ದನ್ನ ತೊಳೆದುಕೊಂಡು ಹೋಗುತ್ತೆ, ಅಷ್ಟೆ. ರಕ್ತ ಬೇರೆಯೇ ದಾರಿ. ಗಡ್ಡೆ ರಕ್ತನಾಳಕ್ಕೆ ಸೋರಿದರೆ ಮಾತ್ರ ಅಲ್ಲಿ ಸಿಗೋದು.

ಈ ಕಾರಣಕ್ಕೇ ರಕ್ತ ಇಲ್ಲಿ ಹಿಂದೆ ಬಿದ್ದಿದೆ. ‘ಒಂದೇ ರಕ್ತದ ಟೆಸ್ಟು, 50ಕ್ಕೂ ಹೆಚ್ಚು ಕ್ಯಾನ್ಸರ್’ ಅಂತ ಹೆಸರು ಮಾಡಿದ ಪರೀಕ್ಷೆಯ 2021ರ ದೊಡ್ಡ ಅಧ್ಯಯನದಲ್ಲಿ ಗರ್ಭಕೋಶದ ಕ್ಯಾನ್ಸರ್ ಸಿಕ್ಕಿದ್ದು ಶೇ 28ರಷ್ಟು ಮಾತ್ರ. ಟೆಸ್ಟು ಕೆಟ್ಟದ್ದು ಅಂತಲ್ಲ. ಗಡ್ಡೆ ಚಿಕ್ಕದಿದ್ದಾಗ ಒಂದು ಟ್ಯೂಬ್ ರಕ್ತದಲ್ಲಿ ಅದರ ಡಿಎನ್‌ಎ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ.

ಹತ್ತಿರದ ದ್ರವಕ್ಕೆ ಬಂದರೆ ಚಿತ್ರ ಬದಲಾಗುತ್ತೆ. 2013ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಪ್ಯಾಪ್ ಸ್ಮಿಯರ್‌ಗೆ ತೆಗೆದ ದ್ರವದಲ್ಲೇ ಜೀನುಗಳ ಮ್ಯುಟೇಷನ್ (ಅಕ್ಷರದ ತಪ್ಪು) ಹುಡುಕಿದರು. ಒಳಪದರದ ಕ್ಯಾನ್ಸರ್ ಇದ್ದ 24 ಜನರಲ್ಲಿ 24ಕ್ಕೂ ಸಿಕ್ಕಿತು. 24 ಅಂದರೆ ಕೈಬೆರಳಲ್ಲಿ ಎಣಿಸಿದ ಹಾಗೆ. 2018ರಲ್ಲಿ ಅದನ್ನೇ ಹಿಗ್ಗಿಸಿ ಪ್ಯಾಪ್‌ಸೀಕ್ ಅಂತ ಹೆಸರಿಟ್ಟು 18 ಜೀನು ಮತ್ತು ಕ್ರೋಮೋಸೋಮುಗಳ ಏರುಪೇರು ನೋಡಿದರು. 382 ರೋಗಿಗಳಲ್ಲಿ ಶೇ 81 ಸಿಕ್ಕಿತು. ಕ್ಯಾನ್ಸರ್ ಇಲ್ಲದ 714 ಜನರಲ್ಲಿ ಶೇ 1.4 ಮಂದಿಗೆ ತಪ್ಪಾಗಿ ಪಾಸಿಟಿವ್. ಬ್ರಷ್ಷನ್ನ ಗರ್ಭಕೋಶದ ಒಳಗೇ ಹಾಕಿ ತೆಗೆದಾಗ ಅದು ಶೇ 93ಕ್ಕೆ ಏರಿತು. ಗಮನಿಸಿ: ಟೆಸ್ಟು ಅದೇ, ಸ್ಯಾಂಪಲ್ ಒಂದು ಹೆಜ್ಜೆ ಒಳಗಿಂದ ಬಂತು, ಅಷ್ಟಕ್ಕೇ ಹನ್ನೆರಡು ಅಂಶ ಜಾಸ್ತಿ. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ಕತೆ ಇದೊಂದರಲ್ಲೇ ಇದೆ.

ಸ್ಪೇನಿನ ಬಾರ್ಸಿಲೋನಾದವರು ಗರ್ಭಕೋಶದಿಂದ ಹೀರಿ ತೆಗೆದ ದ್ರವದಲ್ಲಿ ಡಿಎನ್‌ಎ ಬಿಟ್ಟು ಪ್ರೋಟೀನಿನ ಬೆನ್ನು ಹತ್ತಿದರು. 2017ರಲ್ಲಿ ಎಂಎಂಪಿ9, ಕೆಪಿವೈಎಂ ಅನ್ನೋ ಎರಡೇ ಪ್ರೋಟೀನಿನ ಜೋಡಿ ಶೇ 94 ಕ್ಯಾನ್ಸರ್ ಹಿಡಿದು, ಶೇ 87 ಆರೋಗ್ಯವಂತರನ್ನ ಸರಿಯಾಗಿ ಬಿಟ್ಟಿತು. ನೀಲಾಂಬರಿ ಮೇಡಂ ಅವರ ಸಂಕಟಕ್ಕೆ ಇದು ಹತ್ತಿರದ್ದು. ನಳಿಕೆಯಲ್ಲಿ ಅಂಗಾಂಶ ಬರದಿದ್ದರೂ ನಾಲ್ಕು ಹನಿ ದ್ರವ ಬಂದಿರುತ್ತಲ್ಲ, ಅದನ್ನ ಎಸೆಯದೆ ಓದೋದು.

ಈಗ ಮಗಳು ಓದಿದ ಮೂತ್ರದ ಸುದ್ದಿ. ಅದು ಬಹುಶಃ 2021ರ ಮ್ಯಾಂಚೆಸ್ಟರ್ ಅಧ್ಯಯನ. 103 ಜನ ಕ್ಯಾನ್ಸರ್ ಇದ್ದವರು, 113 ಜನ ಕಾರಣ ಗೊತ್ತಿಲ್ಲದ ರಕ್ತಸ್ರಾವದವರು. ಮೂತ್ರ ಮತ್ತು ಯೋನಿಯ ಸ್ಯಾಂಪಲ್ ಎರಡೂ ಸೇರಿಸಿ ನೋಡಿದಾಗ ಶೇ 91.7 ಹಿಡಿದರು, ಇಲ್ಲದವರಲ್ಲಿ ಶೇ 88.8 ಮಂದಿಗೆ ಇಲ್ಲ ಅಂದರು. ಆದರೆ ಅದರಲ್ಲಿ ಜೀನೂ ಇಲ್ಲ, ಪ್ರೋಟೀನೂ ಇಲ್ಲ! ಅನುಭವ ಇರುವವರು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಜೀವಕೋಶ ನೋಡಿ ಹೇಳಿದ್ದು. ಹಳೇ ವಿದ್ಯೆ, ಹೊಸ ಜಾಗ. ನನಗೆ ಬಹಳ ಇಷ್ಟವಾದ ಕೆಲಸ.

ಮಿಥೈಲೇಷನ್ (ಜೀನಿನ ಮೇಲೆ ಕೂರುವ ರಾಸಾಯನಿಕ ಗುರುತು) ಬಗ್ಗೆ ಇನ್ನೊಂದು ದಿನ.

ಕಟಕಿ
ಸೋಮವಾರ, ರಾತ್ರಿ 10.10

2013ರಲ್ಲೇ 24ಕ್ಕೆ 24. ಇಷ್ಟು ವರ್ಷ ಆದರೂ ಪಕ್ಕದ ಲ್ಯಾಬಿಗೆ ಯಾಕೆ ಬಂದಿಲ್ಲ ಸ್ವಾಮಿ? ಕತ್ತರಿ ಹಿಡಿದವರಿಗೆ ಕೆಲಸ ತಪ್ಪುತ್ತೆ ಅಂತಲಾ?

ಪಿಪೆಟ್ಟು
ಸೋಮವಾರ, ರಾತ್ರಿ 11.20

ಕಟಕಿ ಅವರೇ, ಪ್ರಶ್ನೆ ಸರಿ, ಅನುಮಾನ ತಪ್ಪು ಕಡೆ ಹೋಗಿದೆ. ಅಡ್ಡ ನಿಂತಿರೋದು ಕತ್ತರಿ ಅಲ್ಲ, ಆರೋಗ್ಯವಂತರ ಗರ್ಭಕೋಶ.

ಮೊದಲು ನಾವೆಲ್ಲ ಅಂದುಕೊಂಡಿದ್ದು ಪಿಟೆನ್, ಪಿಐಕೆ3ಸಿಎ, ಕೆಆರ್‌ಎಎಸ್ ಥರದ ಜೀನಿನಲ್ಲಿ ಮ್ಯುಟೇಷನ್ ಕಂಡರೆ ಅಲ್ಲಿ ಕ್ಯಾನ್ಸರ್ ಇದೆ ಅಂತ. 2016ರಲ್ಲಿ 107 ಜನರ ಗರ್ಭಕೋಶ ತೊಳೆದ ನೀರನ್ನ ಆಳವಾಗಿ ಓದಿದರು. ಕ್ಯಾನ್ಸರ್ ಇದ್ದ ಏಳೂ ಜನರಲ್ಲಿ ಮ್ಯುಟೇಷನ್ ಸಿಕ್ಕಿತು, ಭೇಷ್. ಆದರೆ ಕ್ಯಾನ್ಸರ್ ಇಲ್ಲದ 95 ಜನರಲ್ಲಿ 51 ಮಂದಿಗೂ ಸಿಕ್ಕಿತು! 2020ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯವರು ನಾರ್ಮಲ್ ಒಳಪದರದ ಒಂದೊಂದೇ ಗ್ರಂಥಿಯನ್ನ ಬಿಡಿಸಿ ಓದಿದಾಗ ಗೊತ್ತಾಯ್ತು, ವಯಸ್ಸಾಗ್ತಾ ಹೆಚ್ಚಿನ ಗ್ರಂಥಿಗಳು ‘ಕ್ಯಾನ್ಸರ್ ಮ್ಯುಟೇಷನ್’ ಹೊತ್ತುಕೊಂಡೇ ಸುಮ್ಮನೆ ಬದುಕ್ತವೆ. ಯಂತ್ರವನ್ನ ಚುರುಕು ಮಾಡಿದಷ್ಟೂ ಇಲ್ಲದ ಕಳ್ಳರು ಸಿಗ್ತಾರೆ.

ಇನ್ನೊಂದು ನಮ್ಮ ಮನೆಯ ಕೊಳೆ. ಸಣ್ಣ ಆರ್‌ಎನ್‌ಎ (ಮೈಕ್ರೊ-ಆರ್‌ಎನ್‌ಎ) ಅಂತ ರಕ್ತದಲ್ಲಿ ಹುಡುಕುವ ಲೇಖನಗಳು ರಾಶಿ ಇವೆ. ಒಬ್ಬರ ಪಟ್ಟಿ ಇನ್ನೊಬ್ಬರ ಪಟ್ಟಿಗೆ ತಾಳೆಯಾಗಲ್ಲ. ಯಾಕೆ ಅಂತ ನನ್ನ ಮೇಜಿನ ಮೇಲೆ ಬಂದು ನೋಡಿ. ನೇರಳೆ ಮುಚ್ಚಳದ ಟ್ಯೂಬ್ ಸೆಂಟ್ರಿಫ್ಯೂಜಿನಿಂದ ಹೊರಗೆ ಬಂತು. ಪ್ಲಾಸ್ಮಾ (ಕಣ ಬೇರೆಯಾದ ಮೇಲಿನ ರಕ್ತದ ದ್ರವ) ಒಣಹುಲ್ಲಿನ ಬಣ್ಣ ಇರಬೇಕು, ತೆಳು ಗುಲಾಬಿ ಇದೆ. ಸೂಜಿ ಸಣ್ಣದಿತ್ತೋ, ಎಳೆದ ರಭಸವೋ, ಟ್ಯೂಬನ್ನ ಯಾರೋ ಜೋರಾಗಿ ಕುಲುಕಿದರೋ, ಕೆಂಪುಕಣ ಒಡೆದಿವೆ. ಮಿಆರ್-16, ಮಿಆರ್-451 ಅನ್ನೋ ಈ ಸಣ್ಣ ತುಣುಕುಗಳು ಎರಡೂ ಕೆಂಪುಕಣದ ಒಳಗೆ ತುಂಬಿಕೊಂಡಿರೋವು. ಈಗ ಅವು ಪ್ಲಾಸ್ಮಾದಲ್ಲಿ ‘ಏರಿವೆ’. ಅದು ಕ್ಯಾನ್ಸರಾ, ಒರಟು ಕೈಯಾ? ಹಸಿರು ಮುಚ್ಚಳದ ಟ್ಯೂಬಿಗೆ ತೆಗೆದಿದ್ದರಂತೂ ಅದರೊಳಗಿನ ಹೆಪಾರಿನ್ ನನ್ನ ಪಿಸಿಆರನ್ನೇ (ಜೀನಿನ ತುಣುಕನ್ನ ನಕಲು ಮಾಡಿ ಹೆಚ್ಚಿಸುವ ವಿಧಾನ) ಕೆಡಿಸುತ್ತೆ. ಗುಲಾಬಿ ಟ್ಯೂಬು ಬಂದ ದಿನ ನಾನು ಅದನ್ನ ಪಕ್ಕಕ್ಕಿಟ್ಟು, ಫೋನ್ ಮಾಡಿ, ಬೈಸಿಕೊಳ್ಳೋದು ವಾಡಿಕೆ.

ಮಗ್ಗಿಪುಸ್ತಕ
ಮಂಗಳವಾರ, ಬೆಳಿಗ್ಗೆ 7.45

ಲೆಕ್ಕದವನು ಒಂದು ಮಾತು ಸೇರಿಸ್ತೀನಿ. ‘ಶೇ 90 ಸರಿ’ ಅನ್ನೋ ಮಾತು ಯಾರ ಮೇಲೆ ಪರೀಕ್ಷೆ ಮಾಡ್ತೀರಿ ಅನ್ನೋದು ಗೊತ್ತಾಗೋವರೆಗೆ ಅರ್ಧ ಮಾತು.

ಒಂದು ಟೆಸ್ಟು ಕ್ಯಾನ್ಸರ್ ಇದ್ದವರಲ್ಲಿ ಶೇ 90 ಹಿಡಿಯುತ್ತೆ, ಇಲ್ಲದವರಲ್ಲಿ ಶೇ 90 ಜನರನ್ನ ಸರಿಯಾಗಿ ಬಿಡುತ್ತೆ ಅಂದುಕೊಳ್ಳಿ. ಮುಟ್ಟು ನಿಂತ ಮೇಲೆ ರಕ್ತ ಕಂಡ ಸಾವಿರ ಹೆಂಗಸರು ಬಂದರು. ಡಾಕ್ಟರ್ ಹೇಳಿದ ಹಾಗೆ ಅವರಲ್ಲಿ 90 ಮಂದಿಗೆ ಕ್ಯಾನ್ಸರ್. ಟೆಸ್ಟು 81 ಹಿಡೀತು, 9 ಬಿಟ್ಟಿತು. ಇಲ್ಲದ 910ರಲ್ಲಿ 91 ಮಂದಿಗೆ ಸುಳ್ಳು ಪಾಸಿಟಿವ್. ಅಂದರೆ ಪಾಸಿಟಿವ್ ಬಂದ 172 ಜನರಲ್ಲಿ ಅರ್ಧಕ್ಕಿಂತ ಕಡಿಮೆ ನಿಜ. ನೆಗೆಟಿವ್ ಬಂದ 828ರಲ್ಲಿ 819 ನಿಜ. ಸಾವಿರ ಬಯಾಪ್ಸಿಯ ಬದಲು 172 ಮಾಡಿದರೆ ಸಾಕು. ಇದು ಉಪಯೋಗದ ಟೆಸ್ಟು. ಆ 9 ಜನಕ್ಕೆ ‘ಮತ್ತೆ ರಕ್ತ ಕಂಡರೆ ತಿರುಗಿ ಬನ್ನಿ’ ಅಂತ ಹೇಳೋರು ಇದ್ದರೆ.

ಈಗ ಏನೂ ತೊಂದರೆ ಇಲ್ಲದ ಒಂದು ಲಕ್ಷ ಹೆಂಗಸರಿಗೆ ಪಿಪೆಟ್ಟು ಅವರ ಪ್ಯಾಪ್‌ಸೀಕ್ ಮಾಡಿ. ಲೆಕ್ಕಕ್ಕೆ 50 ಕ್ಯಾನ್ಸರ್ ಅಡಗಿವೆ ಅಂತ ಊಹಿಸಿ. ಶೇ 81 ಅಂದರೆ ಸುಮಾರು 40 ಸಿಕ್ಕವು. ಶೇ 1.4 ಸುಳ್ಳು ಪಾಸಿಟಿವ್, ಕೇಳೋಕೆ ಎಷ್ಟು ಚಿಕ್ಕದು! ಅದು ಸುಮಾರು 1400 ಜನ. ಒಂದು ನಿಜಕ್ಕೆ 35 ಸುಳ್ಳು. ಆ 1400 ಜನಕ್ಕೂ ನೀಲಾಂಬರಿ ಅವರು ಅನುಭವಿಸಿದ ನಳಿಕೆ.

ಇನ್ನೂ ಒಂದು. ಈಗಾಗಲೇ ಕ್ಯಾನ್ಸರ್ ಅಂತ ಗೊತ್ತಿದ್ದವರನ್ನ ಒಂದು ಕಡೆ, ಪೂರ್ತಿ ಆರೋಗ್ಯವಂತರನ್ನ ಇನ್ನೊಂದು ಕಡೆ ಕೂರಿಸಿ ಬರೆದ ಅಂಕಿ ಯಾವಾಗಲೂ ಚೆಂದ ಕಾಣುತ್ತೆ. ಓಪಿಡಿಗೆ ಬರೋದು ಪಾಲಿಪ್, ಸೋಂಕು, ಫೈಬ್ರಾಯ್ಡ್ ಇರುವ ಕಲಬೆರಕೆ ಜನ. ಅಲ್ಲಿ ಬಂದ ಅಂಕಿಯನ್ನೇ ನಾನು ನಂಬೋದು.

ನಿರ್ವಾಹಕ
ಮಂಗಳವಾರ, ಬೆಳಿಗ್ಗೆ 11.00

‘ಮನೆಯಲ್ಲೇ ಹನಿ ರಕ್ತದಿಂದ ಎಲ್ಲ ಸ್ತ್ರೀ ಕ್ಯಾನ್ಸರ್ ಪತ್ತೆ’ ಅಂತ ಕಿಟ್ ಮಾರುವ ಪೋಸ್ಟ್ ತೆಗೆದಿದ್ದೇವೆ. ಚರ್ಚೆ ಮುಂದುವರಿಯಲಿ.

ಎರಡನೇ ತಂಗಿ
ಮಂಗಳವಾರ, ಮಧ್ಯಾಹ್ನ 2.20

ಮಗ್ಗಿಪುಸ್ತಕ ಅವರ ಲೆಕ್ಕ ನನ್ನಂಥವರಿಗೆ ಬೇರೆ ಆಗುತ್ತೆ ಅಂತ ಹೇಳೋಕೆ ಬಂದೆ. ನಮ್ಮ ಮನೆಯಲ್ಲಿ ಲಿಂಚ್ ಸಿಂಡ್ರೋಮ್ ಇದೆ. ಡಿಎನ್‌ಎ ನಕಲು ಮಾಡುವಾಗಿನ ತಪ್ಪು ತಿದ್ದುವ ಜೀನೇ ಹುಟ್ಟಿನಿಂದ ಕೆಟ್ಟಿರೋದು. ಅಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಅಕ್ಕನಿಗೆ 44ಕ್ಕೆ ಗರ್ಭಕೋಶದ್ದು. ನನಗೆ 37, ನನ್ನಲ್ಲಿ ಕೆಟ್ಟಿರೋ ಜೀನು ಎಂಎಸ್‌ಎಚ್2. ಜೀವಮಾನದಲ್ಲಿ ಒಳಪದರದ ಕ್ಯಾನ್ಸರ್ ಬರುವ ಸಾಧ್ಯತೆ ಶೇ 40ರಿಂದ 60 ಅಂತ ಹೇಳಿದ್ದಾರೆ.

ಡಾಕ್ಟರ್ ಹೇಳಿದ ಕಂದು ಕಲೆ ನನಗೆ ಸೂಚಕ ಆಗೋಕೆ ಆಗಲ್ಲ, ಪ್ರತಿ ತಿಂಗಳು ಮುಟ್ಟಾಗ್ತೀನಿ. ಸ್ಕ್ಯಾನಿಂಗಿನ ದಪ್ಪವೂ ತಿಂಗಳುದ್ದಕ್ಕೂ ಬದಲಾಗ್ತಾ ಇರುತ್ತೆ. ಹಾಗಾಗಿ ವರ್ಷಕ್ಕೊಂದು ಸಲ ಅದೇ ನಳಿಕೆ. ಹೋಗುವ ವಾರದ ಮುಂಚೆ ನಿದ್ದೆ ಬರಲ್ಲ. ಒಂದು ಹತ್ತಿಕಡ್ಡಿ ಸ್ಯಾಂಪಲ್ಲಿನಿಂದ ‘ಈ ವರ್ಷ ಬೇಡ’ ಅಂತ ಯಾರಾದರೂ ಹೇಳೋ ಹಾಗಾದರೆ ನನಗೆ ಅಷ್ಟೇ ಸಾಕು. ಇಂಥ ಟೆಸ್ಟು ಮೊದಲು ಯಾರಿಗೆ ಬೇಕು ಅಂತ ಕೇಳಿದರೆ ಕೈ ಎತ್ತುವವಳು ನಾನು.

ಪಿಪೆಟ್ಟು
ಮಂಗಳವಾರ, ರಾತ್ರಿ 9.00

ತಂಗಿ, ನಿಮ್ಮ ಮಾತಿಗೆ ಮಿಥೈಲೇಷನ್ ಕತೆ ಸರಿಯಾಗಿ ಕೂರುತ್ತೆ.

ಮ್ಯುಟೇಷನ್ ಅಂದರೆ ಅಕ್ಷರವೇ ತಪ್ಪಾಗೋದು. ಮಿಥೈಲೇಷನ್‌ನಲ್ಲಿ ಅಕ್ಷರ ಸರಿ ಇರುತ್ತೆ, ಅದರ ಮೇಲೊಂದು ಸಣ್ಣ ರಾಸಾಯನಿಕ ಗುಬುಟು ಕೂತಿರುತ್ತೆ, ಜೀನಿನ ಬಾಗಿಲಲ್ಲಿ ಇಂಥವು ಗುಂಪಾಗಿ ಕೂತರೆ ಆ ಜೀನು ಬಾಯಿ ಮುಚ್ಚುತ್ತೆ. ಲ್ಯಾಬಿನಲ್ಲಿ ನಾವು ಬೈಸಲ್ಫೈಟ್ ಅನ್ನೋ ರಾಸಾಯನಿಕ ಹಾಕ್ತೀವಿ. ಗುಬುಟು ಇಲ್ಲದ ‘ಸಿ’ ಅಕ್ಷರ ‘ಯು’ ಆಗಿ ಬದಲಾಗುತ್ತೆ, ಗುಬುಟು ಇದ್ದದ್ದು ಹಾಗೇ ಉಳಿಯುತ್ತೆ. ಆಮೇಲೆ ಪಿಸಿಆರ್ ಹಾಕಿದರೆ ಉಳಿದದ್ದು ಎಷ್ಟು ಅಂತ ಎಣಿಸಬಹುದು. ಬೈಸಲ್ಫೈಟ್ ಅರ್ಧ ಡಿಎನ್‌ಎಯನ್ನ ಚಿಂದಿ ಮಾಡಿಬಿಡುತ್ತೆ ಅನ್ನೋದೊಂದು ಗೋಳು. ಆದರೆ ಇದಕ್ಕೆ ದೊಡ್ಡ ಸೀಕ್ವೆನ್ಸಿಂಗ್ ಯಂತ್ರ ಬೇಕಿಲ್ಲ, ಸಾಮಾನ್ಯ ಪಿಸಿಆರ್ ಸಾಕು.

ಲಂಡನ್, ಇನ್ಸ್‌ಬ್ರುಕ್ ಕಡೆಯ ತಂಡದ ಪರೀಕ್ಷೆಯೊಂದು ಇದೆ, ಹೆಸರು ವಿಡ್-ಕ್ಯೂಇಸಿ. ನೋಡೋದು ಜಿವೈಪಿಸಿ, ಝಡ್‌ಎಸ್‌ಸಿಎಎನ್12 ಅನ್ನೋ ಎರಡೇ ಜೀನುಗಳ ಗುಬುಟು. ಸ್ಯಾಂಪಲ್ ಗರ್ಭಕಂಠ ಮತ್ತು ಯೋನಿಯಿಂದ ಹತ್ತಿಕಡ್ಡಿಯಲ್ಲಿ. 2023ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಗೆ ಅಸಹಜ ರಕ್ತಸ್ರಾವ ಅಂತ ಬಂದ 399 ಹೆಂಗಸರಲ್ಲಿ ಇದನ್ನ ಸ್ಕ್ಯಾನಿಂಗ್ ಜೊತೆ ಹೋಲಿಸಿದರು. ಮಗ್ಗಿಪುಸ್ತಕ ಅವರು ಕೇಳಿದ ಕಲಬೆರಕೆ ಜನ ಇವರೇ. ಹಿಡಿಯೋದರಲ್ಲಿ ಎರಡೂ ಸಮ, ಶೇ 91ರ ಹತ್ತಿರ. ಇಲ್ಲದವರನ್ನ ಸರಿಯಾಗಿ ಬಿಡೋದರಲ್ಲಿ ಸ್ಕ್ಯಾನಿಂಗ್ ಶೇ 79, ಹತ್ತಿಕಡ್ಡಿ ಶೇ 92. ಸುಳ್ಳು ಗಂಟೆ ಬಾರಿಸೋದು ಅರ್ಧಕ್ಕಿಂತ ಕಡಿಮೆ.

ಈಗ ನನ್ನದೇ ಕಟಕಿ: ಆ 399ರಲ್ಲಿ ಕ್ಯಾನ್ಸರ್ ಇದ್ದವರು 12 ಜನ. ಒಬ್ಬರು ಆಚೀಚೆ ಆದರೆ ಶೇ 8 ಅಲ್ಲಾಡುತ್ತೆ.

ಓಪಿಡಿ ಮೇಜು
ಮಂಗಳವಾರ, ರಾತ್ರಿ 10.45

ಸ್ಕ್ಯಾನಿಂಗ್ ಬಗ್ಗೆ ಒಂದು ಮಾತು, ಇದಕ್ಕೇ ನನಗೆ ಈ ಹತ್ತಿಕಡ್ಡಿಗಳ ಮೇಲೆ ಆಸೆ. ದಪ್ಪ ಅಳೆಯೋದು ಎಲ್ಲರಲ್ಲೂ ಸಲೀಸಲ್ಲ. ಫೈಬ್ರಾಯ್ಡ್ ಅಡ್ಡ ಇದ್ದರೆ ಪದರದ ಗೆರೆಯೇ ಕಾಣಲ್ಲ. ಇನ್ನೊಂದು, ಸೀರಸ್ ಅನ್ನೋ ಉಗ್ರ ಜಾತಿ ಒಣಗಿದ ತೆಳು ಪದರದಲ್ಲೇ ಹುಟ್ಟುತ್ತೆ. ಅಲ್ಲಿ 3 ಮಿ.ಮೀ. ಅಂತ ಬಂದರೂ ನಂಬೋ ಹಾಗಿಲ್ಲ. ಅದಕ್ಕೇ ಪದರ ತೆಳು ಇದ್ದರೂ ಮತ್ತೆ ಮತ್ತೆ ರಕ್ತ ಕಂಡರೆ ತುಣುಕು ತೆಗೀತೀವಿ.

ಆದರೆ ಎರಡನೇ ತಂಗಿ, ನೀವು ಈ ಚರ್ಚೆ ಓದಿ ಈ ವರ್ಷದ ತಪಾಸಣೆ ಬಿಡಬೇಡಿ. ಲಿಂಚ್ ಇರುವವರ ವರ್ಷವರ್ಷದ ಬಯಾಪ್ಸಿಯ ಜಾಗಕ್ಕೆ ಇವು ಯಾವುದೂ ಇನ್ನೂ ಬಂದಿಲ್ಲ. ಮಕ್ಕಳ ಯೋಚನೆ ಮುಗಿದಿದ್ದರೆ ಗರ್ಭಕೋಶ ತೆಗೆಸುವ ಆಯ್ಕೆಯೂ ಇದೆ, ಅದನ್ನೂ ಕೇಳಿ ನೋಡಿ.

ಹಳೇ ಪೇಷಂಟು
ಬುಧವಾರ, ಬೆಳಿಗ್ಗೆ 8.10

ನನಗೆ ಆಪರೇಷನ್ ಆಗಿ ಮೂರು ವರ್ಷ. ಒಂದು ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೀತಿದೀನಿ.

ಹತ್ತಿಕಡ್ಡಿ, ಮೂತ್ರ ಯಾವುದರಲ್ಲೇ ‘ಇದೆ’ ಅಂತ ಬಂದರೂ ತುಣುಕು ತೆಗೆಯೋದು ತಪ್ಪಲ್ಲ. ಯಾಕೆಂದರೆ ‘ಇದೆ’ ಅನ್ನೋದು ಬರೀ ಆರಂಭ. 2013ರಲ್ಲಿ 373 ಗಡ್ಡೆಗಳ ಜೀನು ಓದಿ ಈ ಕ್ಯಾನ್ಸರ್ ಒಂದಲ್ಲ, ನಾಲ್ಕು ಜಾತಿ ಅಂತ ತೋರಿಸಿದರಂತೆ. ಪೋಲ್ (ಪಿಓಎಲ್‌ಇ) ಜೀನು ಕೆಟ್ಟವು ನೋಡೋಕೆ ಭಯಂಕರ, ನಡತೆಯಲ್ಲಿ ಸಾಧು. ಪಿ53 ಜೀನು ಕೆಟ್ಟವು ನಡತೆಯಲ್ಲೂ ಉಗ್ರ. 2023ರಿಂದ ಕಾಯಿಲೆಯ ಹಂತ ಬರೆಯುವಾಗಲೇ ಇದನ್ನೂ ಸೇರಿಸ್ತಾರೆ. ನನ್ನದು ಎರಡನೇ ತಂಗಿ ಹೇಳಿದ ತಪ್ಪು ತಿದ್ದುವ ಪ್ರೋಟೀನು ಕಳಕೊಂಡಿದ್ದ ಜಾತಿ. ಅದು ಗೊತ್ತಾಗಿದ್ದಕ್ಕೇ ಮುಂದಿನ ಚಿಕಿತ್ಸೆಯ ಮಾತು ಬದಲಾಯ್ತು, ಲಿಂಚ್ ಇದೆಯಾ ಅಂತ ನೋಡಿದರು (ಇರಲಿಲ್ಲ, ಎಂಎಲ್‌ಎಚ್1 ಜೀನಿಗೆ ಪಿಪೆಟ್ಟು ಅವರ ಗುಬುಟು ಕೂತಿತ್ತಂತೆ). ನನ್ನ ಮಗಳು ಅವತ್ತು ನಿದ್ದೆ ಮಾಡಿದಳು. ಇಷ್ಟೆಲ್ಲ ಹೇಳಿದ್ದು ಅಕ್ಕಿಕಾಳಿನಷ್ಟು ಅಂಗಾಂಶ.

ನೀಲಾಂಬರಿ ಅವರೇ, ಅರಿವಳಿಕೆಯಿಂದ ಎದ್ದಾಗ ಸ್ವಲ್ಪ ಹೊಟ್ಟೆ ಹಿಂಡುತ್ತೆ, ಒಂದೆರಡು ದಿನ ಪ್ಯಾಡ್ ಬೇಕಾಗುತ್ತೆ. ಅದಕ್ಕಿಂತ ಜಾಸ್ತಿ ಏನೂ ನನಗೆ ಆಗಲಿಲ್ಲ.

ಬೆಳ್ಳಿಚುಕ್ಕಿ
ಬುಧವಾರ, ಬೆಳಿಗ್ಗೆ 9.30

ನನ್ನ ಮೊದಲ ಕಾಮೆಂಟ್ ಅಳಿಸೋಣ ಅಂತಿದ್ದೆ. ಬೇಡ, ಇರಲಿ, ಕೆಳಗಿನ ಉತ್ತರ ಓದೋರಿಗೆ ಅರ್ಥ ಆಗಬೇಕಲ್ಲ. ನಾದಿನಿಗೆ ಫೋನ್ ಮಾಡಿ ಕೇಳಿದೆ. ಅವರಿಗೆ ಬಯಾಪ್ಸಿಯೂ ಆಗಿತ್ತಂತೆ, ನನಗೆ ಹೇಳಿರಲಿಲ್ಲ ಅಷ್ಟೆ.

ನೀಲಾಂಬರಿ58
ಹದಿನೆಂಟು ದಿನದ ನಂತರ, ಸಂಜೆ 6.50

ತಡವಾಯ್ತು, ಕ್ಷಮಿಸಿ. ಹಿಸ್ಟರೊಸ್ಕೋಪಿ ಆಯ್ತು. ಅರಿವಳಿಕೆ ಡಾಕ್ಟರಿಗೆ ಹೋದ ಸಲದ ಕತೆ ಹೇಳಿದೆ, ಆಕೆ ನನ್ನ ಕೈ ಹಿಡಿದುಕೊಂಡಿದ್ದು ನೆನಪಿದೆ, ಆಮೇಲೆ ಏನೂ ನೆನಪಿಲ್ಲ.

ಒಳಗೆ ಒಂದು ಪಾಲಿಪ್ ಇತ್ತು. ತೆಗೆದು ಕಳಿಸಿದರು. ರಿಪೋರ್ಟಿನಲ್ಲಿ ಕ್ಯಾನ್ಸರ್ ಅಂತ ಇಲ್ಲ, ‘ಎಟಿಪಿಕಲ್ ಹೈಪರ್‌ಪ್ಲೇಸಿಯಾ’ ಅಂತ ಇದೆ. ಅಂದರೆ ಒಳಪದರದ ಜೀವಕೋಶ ಅಸಹಜವಾಗಿ ಬೆಳೆದಿವೆ, ಇದು ಕ್ಯಾನ್ಸರಿನ ಮೊದಲ ಮೆಟ್ಟಿಲು, ಇನ್ನೆಲ್ಲೋ ಮೂಲೆಯಲ್ಲಿ ಕ್ಯಾನ್ಸರ್ ಈಗಾಗಲೇ ಶುರುವಾಗಿರಲೂಬಹುದು, ಗರ್ಭಕೋಶ ತೆಗೆಸೋದು ಒಳ್ಳೇದು ಅಂದರು. ಮುಂದಿನ ವಾರ ದಿನ ಕೊಟ್ಟಿದ್ದಾರೆ. ಅತ್ತಿದ್ದೂ ಆಯ್ತು, ಈಗ ಸಮಾಧಾನವಾಗಿದೀನಿ.

ಓಪಿಡಿ ಮೇಜು
ಅದೇ ದಿನ, ರಾತ್ರಿ 8.00

ಸರಿಯಾದ ಸಮಯಕ್ಕೆ ಹೋದಿರಿ. ಅವರು ಹೇಳಿದ್ದು ನಿಜ. ಬಯಾಪ್ಸಿಯಲ್ಲಿ ಇದು ಬಂದು ಗರ್ಭಕೋಶ ತೆಗೆದವರಲ್ಲಿ ಮೂವರಲ್ಲಿ ಒಬ್ಬರ ಆಸುಪಾಸು ಒಳಗೆ ಕ್ಯಾನ್ಸರ್ ಸಿಗುತ್ತೆ, ಒಂದು ಅಧ್ಯಯನದಲ್ಲಿ ಶೇ 40 ದಾಟಿತ್ತು. ಸಿಕ್ಕರೂ ಬಹುಪಾಲು ಆರಂಭದ್ದು, ಆಪರೇಷನ್ನಿನಲ್ಲೇ ಮುಗಿದುಹೋಗುವಂಥದ್ದು.

ಮಗ್ಗಿಪುಸ್ತಕ
ಅದೇ ದಿನ, ರಾತ್ರಿ 8.25

ಒಂದು ಕೆಟ್ಟ ಕುತೂಹಲ, ತಪ್ಪು ತಿಳೀಬೇಡಿ. ಈ ‘ಮೊದಲ ಮೆಟ್ಟಿಲು’ ಹತ್ತಿಕಡ್ಡಿಯಲ್ಲಿ ಸಿಗ್ತಿತ್ತಾ ಪಿಪೆಟ್ಟು ಅವರೇ?

ಪಿಪೆಟ್ಟು
ಅದೇ ದಿನ, ರಾತ್ರಿ 9.10

ಸಿಗಬಹುದಿತ್ತು, ತಪ್ಪಲೂಬಹುದಿತ್ತು. ಮಿಥೈಲೇಷನ್ ಈ ಹಂತದಲ್ಲೇ ಏರೋಕೆ ಶುರುವಾಗುತ್ತೆ, ಆದರೆ ಕ್ಯಾನ್ಸರಿನಷ್ಟು ಎತ್ತರಕ್ಕೆ ಹೋಗಿರಲ್ಲ. ಪಾಸಿಟಿವ್, ನೆಗೆಟಿವ್ ನಡುವಿನ ಗೆರೆಯನ್ನ ಎಲ್ಲಿ ಎಳೀತೀವಿ ಅನ್ನೋದರ ಮೇಲೆ ಇವರು ಆಚೆಗೋ ಈಚೆಗೋ ಬೀಳ್ತಿದ್ದರು. ಆವತ್ತು ನೆಗೆಟಿವ್ ಅಂತ ಬಂದಿದ್ದರೆ ಇವರು ಆರು ತಿಂಗಳು ಕಾಯ್ತಿದ್ದರು ಅನ್ನೋದು ನೆನೆಸಿಕೊಂಡರೆ ನನಗೇ ಹೊಟ್ಟೆಯಲ್ಲಿ ಹೇಗೋ ಆಗುತ್ತೆ.

ನೀಲಾಂಬರಿ58
ಅದೇ ದಿನ, ರಾತ್ರಿ 9.40

ಹಾಗಾದರೆ ಕೇಳಿ. ಆಪರೇಷನ್ನಿಗೆ ಮುಂಚೆ ಸಂಶೋಧನೆಗೆ ಅಂತ ಮೂತ್ರ ಮತ್ತು ಹತ್ತಿಕಡ್ಡಿ ಸ್ಯಾಂಪಲ್ ಕೊಡ್ತೀರಾ ಅಂತ ಒಬ್ಬ ಹುಡುಗಿ ಬಂದು ಕೇಳಿದಳು. ನಾಲ್ಕು ಪುಟದ ಒಪ್ಪಿಗೆ ಪತ್ರ. ನನ್ನ ರಿಪೋರ್ಟಿಗೆ ಇದರಿಂದ ಏನೂ ಬದಲಾಗಲ್ಲ ಅಂತ ಅವಳೇ ಹೇಳಿದಳು. ಎರಡನೇ ತಂಗಿಯ ನೆನಪಾಗಿ ಸಹಿ ಹಾಕಿದೆ. ಡಬ್ಬಿ ಮನೆಗೆ ತಂದಿದ್ದೀನಿ. ಬೆಳಗಿನ ಮೊದಲ ಮೂತ್ರವೇ ಒಳ್ಳೇದಲ್ವಾ?

ಪಿಪೆಟ್ಟು
ಅದೇ ದಿನ, ರಾತ್ರಿ 9.55

ಡಬ್ಬಿಯ ಜೊತೆ ಕೊಟ್ಟ ಚೀಟಿಯಲ್ಲಿ ಹೇಳಿದ ಹಾಗೇ ಮಾಡಿ, ನನ್ನ ಮಾತು ಬೇಡ. ಅವರು ಜೀವಕೋಶ ನೋಡೋರಾದರೆ ಮೊದಲ ಮೂತ್ರ ಬೇಡ ಅಂತಲೇ ಬರೆದಿರ್ತಾರೆ, ರಾತ್ರಿಯಿಡೀ ಮೂತ್ರದಲ್ಲಿ ನೆನೆದ ಜೀವಕೋಶ ಹಾಳಾಗಿರುತ್ತೆ. ಪ್ರೋಟೀನಿನವರಾದರೆ ಬೇರೆ ಥರ ಕೇಳಬಹುದು. ಮುಚ್ಚಳ ಗಟ್ಟಿ ತಿರುಗಿಸಿ, ತೆಗೆದ ಸಮಯ ಡಬ್ಬಿಯ ಮೇಲೆ ಬರೀರಿ. ಸಮಯ ಬರೆಯದ ಡಬ್ಬಿ ಬಂದರೆ ನಮ್ಮ ಕಡೆ ಅದು ನೇರ ಕಸಕ್ಕೆ.

ನೀಲಾಂಬರಿ58
ಅದೇ ದಿನ, ರಾತ್ರಿ 10.05

ಚೀಟಿ ನೋಡಿದೆ. ‘ಎರಡನೇ ಸಲದ್ದು’ ಅಂತಲೇ ಇದೆ. ಪೆನ್ನು ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದೀನಿ.